ಬಡ ರಾಷ್ಟ್ರಗಳ ಅಭಿವೃದ್ಧಿ: ಅದರ ಅರ್ಥ ಮತ್ತು ಗುರಿಯ ಕುರಿತು ಒಂದು ದೇವಶಾಸ್ತ್ರೀಯ ವಿವೇಚನೆ

ಧರ್ಮಸಭೆಯ ಸಾಮಾಜಿಕ ಬೋಧನೆಯ ತರಗತಿಯಲ್ಲಿ ಪ್ರತಿ ವರ್ಷವೂ ಒಂದು ಪ್ರಶ್ನೆ ನಮ್ಮ ಮುಂದೆ ಬರುತ್ತದೆ. ಒಂದು ಬಡ ರಾಷ್ಟ್ರವು ಅಭಿವೃದ್ಧಿ ಹೊಂದಿತೆಂದು ಯಾವಾಗ ಹೇಳಬಹುದು? ಅಲ್ಲಿನ ತಲಾ ಆದಾಯವು ಇಂತಿಷ್ಟು ಡಾಲರುಗಳನ್ನು ಮೀರಿದಾಗಲೇ? ಹಳ್ಳಿಗಳಿಗೆ ರಸ್ತೆ, ವಿದ್ಯುತ್ತು, ಆಸ್ಪತ್ರೆಗಳು ಬಂದಾಗಲೇ? ಮೇಲ್ನೋಟಕ್ಕೆ ಇದು ಅರ್ಥಶಾಸ್ತ್ರದ ಪ್ರಶ್ನೆ. ಆದರೆ ಇದಕ್ಕೆ ನಾವು ಯಾವ ಉತ್ತರವನ್ನು ಕೊಟ್ಟರೂ ಆ ಉತ್ತರದೊಳಗೆ ಮಾನವನು ಯಾರು ಎಂಬ ವಿಷಯದಲ್ಲಿ ನಮಗಿರುವ ನಂಬಿಕೆ ಅಡಗಿರುತ್ತದೆ. ಆದುದರಿಂದ ದೇವಶಾಸ್ತ್ರವನ್ನು ಅಭ್ಯಸಿಸುವವರು ಇದನ್ನು ಬೇರೆಯವರ ವಿಷಯವೆಂದು ಬದಿಗಿಡುವಂತಿಲ್ಲ. ನಾಳೆ ಧರ್ಮಕೇಂದ್ರಗಳ ಹೊಣೆ ಹೊತ್ತು, ಒಂದಲ್ಲ ಒಂದು ಸಮಾಜಸೇವಾ ಯೋಜನೆಯ ಕಾಗದಗಳಿಗೆ ಸಹಿ ಹಾಕಬೇಕಾದವರಂತೂ ಬದಿಗಿಡಲೇಬಾರದು.

ಈ ಲೇಖನದಲ್ಲಿ ನಾವು ಪ್ರಪಂಚದ ಎಲ್ಲ ಬಡ ರಾಷ್ಟ್ರಗಳನ್ನೂ ಕುರಿತು ಮಾತನಾಡಲು ಹೊರಟಿಲ್ಲ. ನೆರೆಯ ಬಾಂಗ್ಲಾದೇಶವನ್ನು ಮಾತ್ರ ಕಣ್ಣಮುಂದೆ ಇಟ್ಟುಕೊಂಡಿದ್ದೇವೆ. ಅಭಿವೃದ್ಧಿಯೆಂಬ ಒಂದೇ ಹೆಸರಿನಡಿ ನಡೆದ, ಆದರೆ ಒಂದರಿಂದೊಂದು ಬಹಳ ದೂರವಿರುವ ಎರಡು ಸಂಗತಿಗಳು ಅಲ್ಲಿ ಒಂದೇ ತಲೆಮಾರಿನೊಳಗೆ ಕಾಣಸಿಗುತ್ತವೆ.

ಮೊದಲು ಪದದ ಇತಿಹಾಸವನ್ನು ಸ್ವಲ್ಪ ನೋಡೋಣ. 1949ರ ಜನವರಿ 20ರಂದು ಅಮೆರಿಕದ ಅಧ್ಯಕ್ಷ ಹ್ಯಾರಿ ಟ್ರೂಮನ್ ತಮ್ಮ ಪದಗ್ರಹಣ ಭಾಷಣದಲ್ಲಿ ಹಿಂದುಳಿದ ಪ್ರದೇಶಗಳಿಗೆ ತಾಂತ್ರಿಕ ನೆರವು ನೀಡುವ ಕಾರ್ಯಕ್ರಮವನ್ನು ಪ್ರಕಟಿಸಿದರು. ಪ್ರಪಂಚವನ್ನು ಮುಂದುವರಿದ ಮತ್ತು ಹಿಂದುಳಿದ ದೇಶಗಳೆಂದು ವಿಂಗಡಿಸುವ ರೂಢಿ ರಾಜಕೀಯದ ಭಾಷೆಯಲ್ಲಿ ಭದ್ರವಾದದ್ದು ಆ ಬಳಿಕ. ಯಾರು ಎಷ್ಟು ಮುಂದಿದ್ದಾರೆಂದು ಅಳೆಯಲು ರಾಷ್ಟ್ರೀಯ ಆದಾಯವೆಂಬ ಅಳತೆಗೋಲು ಆಗಲೇ ಸಿದ್ಧವಾಗಿತ್ತು. ವಿಚಿತ್ರವೆಂದರೆ, ಆ ಅಳತೆಗೋಲನ್ನು ರೂಪಿಸಿದವರಲ್ಲಿ ಪ್ರಮುಖರಾದ ಸೈಮನ್ ಕುಜ್ನೆಟ್ಸ್, 1934ರಷ್ಟು ಹಿಂದೆಯೇ ಅಮೆರಿಕದ ಸೆನೆಟ್ಟಿಗೆ ಸಲ್ಲಿಸಿದ ವರದಿಯಲ್ಲಿ, ಇದರಿಂದ ಒಂದು ಜನಾಂಗದ ಕ್ಷೇಮವನ್ನು ಊಹಿಸುವುದು ಕಷ್ಟವೆಂದು ಎಚ್ಚರಿಸಿದ್ದರು. ಗೋಲನ್ನು ಎಲ್ಲರೂ ತೆಗೆದುಕೊಂಡರು, ಎಚ್ಚರಿಕೆಯನ್ನು ಅಲ್ಲಿಯೇ ಬಿಟ್ಟರು.

ಅದರ ಪರಿಣಾಮವನ್ನು ಮೊದಲು ಅನುಭವಿಸಿದವರಲ್ಲಿ ಇಂದಿನ ಬಾಂಗ್ಲಾದೇಶದ ಜನರೂ ಇದ್ದರು. 1960ರ ದಶಕದಲ್ಲಿ ಪಾಕಿಸ್ತಾನದ ಆರ್ಥಿಕತೆ ವರ್ಷಕ್ಕೆ ಶೇ. 5ಕ್ಕೂ ಮೀರಿ ಬೆಳೆಯುತ್ತಿತ್ತು. ಇತರ ಬಡ ರಾಷ್ಟ್ರಗಳಿಗೆ ಅದನ್ನು ಮಾದರಿಯೆಂದು ತೋರಿಸಲಾಗುತ್ತಿತ್ತು. ಪೂರ್ವ ಪಾಕಿಸ್ತಾನದ ಸೆಣಬು ವಿದೇಶಿ ವಿನಿಮಯವನ್ನು ಗಳಿಸಿಕೊಟ್ಟರೆ, ಕಾರ್ಖಾನೆಗಳು ಹೆಚ್ಚಾಗಿ ಪಶ್ಚಿಮದಲ್ಲಿ ಎದ್ದವು. ಆ ದೇಶದ ಯೋಜನಾ ಆಯೋಗದ ಮುಖ್ಯ ಅರ್ಥಶಾಸ್ತ್ರಜ್ಞರಾಗಿದ್ದ ಮಹಬೂಬ್ ಉಲ್ ಹಕ್, 1968ರಲ್ಲಿ, ಕೈಗಾರಿಕಾ ಆಸ್ತಿಯ ಮೂರನೇ ಎರಡು ಭಾಗ ಕೇವಲ 22 ಕುಟುಂಬಗಳ ಹಿಡಿತದಲ್ಲಿದೆ ಎಂದು ಬಹಿರಂಗವಾಗಿ ಹೇಳಿದರು. ತಾವೇ ಕಟ್ಟಲು ನೆರವಾದ ಯೋಜನೆಯ ಮೇಲೆ ಅವರೇ ನೀಡಿದ ತೀರ್ಪು ಅದು. ಮೂರೇ ವರ್ಷಗಳಲ್ಲಿ ದೇಶ ಇಬ್ಭಾಗವಾಯಿತು. ಅದಕ್ಕೆ ಭಾಷೆಯೂ ರಾಜಕೀಯವೂ ಕಾರಣವಾಗಿದ್ದವು. ಆದರೆ ಬೆಳವಣಿಗೆಯ ಲೆಕ್ಕದಲ್ಲಿ ತಮ್ಮ ಹೆಸರಿದ್ದರೂ ಫಲದಲ್ಲಿ ಪಾಲಿಲ್ಲವೆಂಬ ನೋವೂ ಒಂದು ಕಾರಣವಾಗಿತ್ತು. ಆಯುಷ್ಯ, ವಿದ್ಯೆ, ಆದಾಯ ಮೂರನ್ನೂ ಸೇರಿಸಿ ಅಳೆಯುವ ಮಾನವ ಅಭಿವೃದ್ಧಿ ಸೂಚ್ಯಂಕವನ್ನು 1990ರಲ್ಲಿ ವಿಶ್ವಸಂಸ್ಥೆಯ ಮೂಲಕ ಪ್ರಪಂಚದ ಮುಂದಿಟ್ಟವರು ಇದೇ ಹಕ್ ಅವರು. ಪಶ್ಚಾತ್ತಾಪವು ಅರ್ಥಶಾಸ್ತ್ರದಲ್ಲಿಯೂ ಫಲ ಕೊಡುತ್ತದೆ ಎನ್ನಲು ಅಡ್ಡಿಯಿಲ್ಲ.

ಧರ್ಮಸಭೆಯ ಬೋಧನೆಯಲ್ಲಿ ಈ ಪ್ರಶ್ನೆ ಪೂರ್ಣ ರೂಪ ಪಡೆದದ್ದು ಅದೇ ವರ್ಷಗಳಲ್ಲಿ. ವಿಶ್ವಗುರು ಆರನೇ ಪೌಲರು 1964ರ ಡಿಸೆಂಬರಿನಲ್ಲಿ ಪರಮಪ್ರಸಾದ ಮಹಾಸಮ್ಮೇಳನಕ್ಕಾಗಿ ಮುಂಬಯಿಗೆ ಬಂದಿದ್ದರು. 1967ರ ಮಾರ್ಚ್ 26ರಂದು, ಪುನರುತ್ಥಾನ ಮಹೋತ್ಸವದ ದಿನ, ಅವರು 'ಪೊಪುಲೋರುಂ ಪ್ರೊಗ್ರೆಸ್ಸಿಯೊ', ಅಂದರೆ ಜನಾಂಗಗಳ ಪ್ರಗತಿ ಎಂಬ ವಿಶ್ವಪತ್ರವನ್ನು ಹೊರಡಿಸಿದಾಗ, ಭಾರತದ ಆ ಯಾತ್ರೆಯನ್ನು ಅದರ ಆರಂಭದಲ್ಲಿಯೇ ಸ್ಮರಿಸಿಕೊಂಡರು. ಅಭಿವೃದ್ಧಿಯನ್ನು ಕೇವಲ ಆರ್ಥಿಕ ಬೆಳವಣಿಗೆಗೆ ಇಳಿಸಲಾಗದು, ಅದು ಪ್ರತಿಯೊಬ್ಬ ಮಾನವನ ಮತ್ತು ಇಡೀ ಮಾನವನ ಏಳಿಗೆಯಾಗಬೇಕು ಎಂಬುದು ಆ ಪತ್ರದ ತಿರುಳು. ಈ ಚಿಂತನೆಯ ಹಿಂದೆ ದೊಮಿನಿಕನ್ ಗುರು ಲೂಯಿ ಜೋಸೆಫ್ ಲೆಬ್ರೆ ಅವರ ದೀರ್ಘ ದುಡಿಮೆಯಿತ್ತು. ಪತ್ರ ಹೊರಡುವ ಮುನ್ನ, 1966ರಲ್ಲಿಯೇ ಅವರು ತೀರಿಕೊಂಡಿದ್ದರು. ಫ್ರಾನ್ಸಿನ ಬ್ರಿತಾನಿ ಕರಾವಳಿಯ ಬಡ ಮೀನುಗಾರರ ನಡುವೆ ಸೇವೆಯನ್ನು ಆರಂಭಿಸಿದ ಅವರಿಗೆ, ಬಡವರ ಬದುಕನ್ನು ಅವರ ಬಳಿಯೇ ಕುಳಿತು ಕೇಳಿ ತಿಳಿಯುವುದು ಒಂದು ಅಧ್ಯಯನ ವಿಧಾನವೇ ಆಗಿತ್ತು. 1970ರ ನವೆಂಬರಿನಲ್ಲಿ, ಲಕ್ಷಾಂತರ ಜನರನ್ನು ಬಲಿತೆಗೆದುಕೊಂಡ ಚಂಡಮಾರುತದ ಬೆನ್ನಲ್ಲೇ, ಆರನೇ ಪೌಲರು ಫಿಲಿಪ್ಪೀನ್ಸಿಗೆ ಹೋಗುವ ದಾರಿಯಲ್ಲಿ ಢಾಕಾದಲ್ಲಿ ಇಳಿದು ಸಂತ್ರಸ್ತರಿಗೆ ಸಾಂತ್ವನ ಹೇಳಿದರು.

'ಪ್ರತಿಯೊಬ್ಬ ಮಾನವ, ಇಡೀ ಮಾನವ' ಎಂಬ ಈ ಮಾತನ್ನು ನಮ್ಮಲ್ಲಿ ಬಹಳ ಮಂದಿ ಬಾಯಿಪಾಠ ಮಾಡಿದ್ದಾರೆ. ಪರೀಕ್ಷೆಯಲ್ಲಿ ತಪ್ಪದೆ ಬರೆಯುತ್ತಾರೆ. ಆದರೆ ಅದನ್ನು ಸೌಕರ್ಯಗಳ ಪಟ್ಟಿ ಎಂದು ಅರ್ಥಮಾಡಿಕೊಳ್ಳುವ ಅಪಾಯವಿದೆ: ಹೊಟ್ಟೆಗೆ ಅನ್ನ, ಬುದ್ಧಿಗೆ ವಿದ್ಯೆ, ಆತ್ಮಕ್ಕೆ ಬಲಿಪೂಜೆ, ಎಲ್ಲವನ್ನೂ ಒದಗಿಸಿದರೆ ಸಮಗ್ರ ಅಭಿವೃದ್ಧಿ ಆಯಿತೆಂಬಂತೆ. ಈ ಪಟ್ಟಿಯಲ್ಲಿ ಒದಗಿಸುವವನೊಬ್ಬ, ಪಡೆಯುವವನೊಬ್ಬ. ವಿಶ್ವಪತ್ರವಾದರೋ ಜನಾಂಗಗಳು ತಮ್ಮ ಭವಿಷ್ಯವನ್ನು ತಾವೇ ರೂಪಿಸಿಕೊಳ್ಳುವವರಾಗಬೇಕೆಂದು ಆಶಿಸುತ್ತದೆ. ಪ್ರತಿಯೊಬ್ಬನೂ ತನ್ನ ಬೆಳವಣಿಗೆಗೆ ತಾನೇ ಹೊಣೆಗಾರನೆಂದೂ ಹೇಳುತ್ತದೆ.

ಇಲ್ಲಿ ನಮ್ಮ ನುಡಿಯೇ ನಮಗೆ ನೆರವಾಗುತ್ತದೆ. ಅಭಿವೃದ್ಧಿ ಎಂಬುದು ಸಂಸ್ಕೃತದಿಂದ ಬಂದ ಪದ. ವೃದ್ಧಿ ಎಂದರೆ ಹೆಚ್ಚಳ. ಬಡ್ಡಿಯೂ ವೃದ್ಧಿಯೇ, ಬಾವೂ ವೃದ್ಧಿಯೇ. ಕನ್ನಡದ ಹಳೆಯ ಪದ ಏಳಿಗೆ. ಅದು 'ಏಳು' ಎಂಬ ಕ್ರಿಯೆಯಿಂದ ಬಂದದ್ದು. ಒಬ್ಬನನ್ನು ಇನ್ನೊಬ್ಬನು ಎಬ್ಬಿಸಬಹುದು, ಕೈಕೊಡಬಹುದು. ಆದರೆ ಏಳಬೇಕಾದವನು ಅವನೇ. ಸಂತ ಮಾರ್ಕನ ಶುಭಸಂದೇಶದಲ್ಲಿ ಯಾಯೀರನ ಮಗಳ ಪ್ರಸಂಗವನ್ನು ನೆನೆಯಿರಿ. ಪ್ರಭು ಆ ಬಾಲಕಿಯ ಕೈಹಿಡಿದು, ಏಳೆಂದು ಅವಳನ್ನೇ ಉದ್ದೇಶಿಸಿ ಹೇಳುತ್ತಾರೆ. ಅವಳು ಎದ್ದು ನಡೆದಾಡಿದ ಮೇಲೆ ಅವಳಿಗೆ ತಿನ್ನಲು ಏನಾದರೂ ಕೊಡಿರೆಂದು ಮನೆಯವರಿಗೆ ಅಪ್ಪಣೆ ಮಾಡುತ್ತಾರೆ. ಊಟವನ್ನು ಅವರು ಮರೆಯಲಿಲ್ಲ. ಆದರೆ ಊಟಕ್ಕೆ ಮುಂಚೆ ಅವಳು ಎದ್ದಿದ್ದಳು. ಬೆತ್ಸಥಾ ಕೊಳದ ಬಳಿ ಮೂವತ್ತೆಂಟು ವರ್ಷ ಮಲಗಿದ್ದವನನ್ನು, ಗುಣಹೊಂದುವ ಇಚ್ಛೆ ನಿನಗಿದೆಯೇ ಎಂದು ಪ್ರಭು ಮೊದಲು ಕೇಳುತ್ತಾರೆ. ಹುಟ್ಟು ಕುರುಡನೋ ಪಾರ್ಶ್ವವಾಯು ಪೀಡಿತನೋ ಎದುರಿಗಿರುವಾಗ ಕೇಳುವ ಅಗತ್ಯವೇನಿತ್ತು ಎಂದು ನಮಗೆ ಅನ್ನಿಸಬಹುದು. ಕೇಳುವುದೇ ಅಲ್ಲಿ ಗುಣಪಡಿಸುವಿಕೆಯ ಮೊದಲ ಹೆಜ್ಜೆ.

ಈಗ ಬಾಂಗ್ಲಾದೇಶಕ್ಕೆ ಮರಳೋಣ. ಯುದ್ಧ, ಅದರ ಬೆನ್ನಿಗೆ 1974ರ ಕ್ಷಾಮ. ಹೊಸ ದೇಶದಲ್ಲಿ ಎಳೆಯ ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಸಾಯುತ್ತಿದ್ದುದು ವಾಂತಿಭೇದಿಯಿಂದ. ದೇಹದ ನೀರೂ ಲವಣವೂ ಹೋಗಿ ಬರುವ ಸಾವನ್ನು ಉಪ್ಪು, ಸಕ್ಕರೆ, ನೀರಿನ ಸರಿಯಾದ ಮಿಶ್ರಣವನ್ನು ಕುಡಿಸಿ ತಡೆಯಬಹುದೆಂದು ಢಾಕಾದ ಕಾಲರಾ ಸಂಶೋಧನಾಲಯದಲ್ಲಿ 1968ರಷ್ಟರಲ್ಲಿ ಗೊತ್ತಾಗಿತ್ತು. 1971ರಲ್ಲಿ ಬಂಗಾಳದ ಬೊನ್ಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನೋಬಿಸ್ ಅದನ್ನು ಡ್ರಮ್ಮುಗಳಲ್ಲಿ ಕಲಸಿ ಕೊಟ್ಟು, ಸಾವಿನ ಪ್ರಮಾಣವನ್ನು ಶೇ. 30ರಷ್ಟರಿಂದ ಶೇ. 4ಕ್ಕೂ ಕೆಳಗಿಳಿಸಿದರು. ಔಷಧಿ ತಿಳಿದಿತ್ತು. ಆದರೆ ಆಸ್ಪತ್ರೆಯೂ ರಸ್ತೆಯೂ ಇಲ್ಲದ ಸಾವಿರಾರು ಹಳ್ಳಿಗಳಿಗೆ ಅದನ್ನು ಮುಟ್ಟಿಸುವುದು ಹೇಗೆ?

ಫಜ್ಲೆ ಹಸನ್ ಆಬೇದ್ 1972ರಲ್ಲಿ ಸ್ಥಾಪಿಸಿದ ಬ್ರ್ಯಾಕ್ ಸಂಸ್ಥೆ 1980ರಿಂದ 1990ರವರೆಗೆ ಮಾಡಿದ ಕೆಲಸ ನಮ್ಮ ಗಮನಕ್ಕೆ ಅರ್ಹವಾದದ್ದು. ಪೊಟ್ಟಣಗಳನ್ನು ಹಂಚುವ ಬದಲು ಕಾರ್ಯಕರ್ತೆಯರು ಮನೆಮನೆಗೆ ಹೋಗಿ ತಾಯಂದಿರಿಗೆ ತಯಾರಿಕೆಯನ್ನೇ ಕಲಿಸಿದರು: ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಅಳತೆಯ ಪಾತ್ರೆ ತಾಯಿಯ ಕೈಯೇ. ಹತ್ತು ವರ್ಷಗಳಲ್ಲಿ ಒಂದು ಕೋಟಿ ಇಪ್ಪತ್ತು ಲಕ್ಷದಷ್ಟು ಮನೆಗಳನ್ನು ಅವರು ತಲುಪಿದರು. ಕಾರ್ಯಕರ್ತೆಯರ ಸಂಬಳವೂ ಅವರು ಎಷ್ಟು ಮನೆಗಳಿಗೆ ಹೋದರೆಂಬುದರ ಮೇಲೆ ನಿಂತಿರಲಿಲ್ಲ. ಕೆಲವು ವಾರಗಳ ನಂತರ ಬೇರೊಬ್ಬರು ಹೋಗಿ ಕೇಳಿದಾಗ ತಾಯಿ ಎಷ್ಟನ್ನು ನೆನಪಿನಿಂದ ಸರಿಯಾಗಿ ಹೇಳಿ ಮಾಡಿತೋರಿಸುತ್ತಾಳೆಂಬುದನ್ನು ನೋಡಿ ಸಂಬಳ ಕೊಡಲಾಗುತ್ತಿತ್ತು.

ಆದರೂ ಆರಂಭದಲ್ಲಿ ಒಂದು ಸೋಲು ಎದುರಾಯಿತು. ತಾಯಂದಿರಿಗೆ ಪಾಠ ಬರುತ್ತಿತ್ತು. ಮಗುವಿಗೆ ಭೇದಿಯಾದಾಗ ಮಾತ್ರ ಬಹಳ ಮಂದಿ ಅದನ್ನು ಬಳಸುತ್ತಿರಲಿಲ್ಲ. ವಿಚಾರಿಸಿದಾಗ, ಕಲಿಸುವವರಲ್ಲಿಯೇ ಕೆಲವರು ತಮಗೆ ಭೇದಿಯಾದರೆ ಮಾತ್ರೆ ನುಂಗುತ್ತಿದ್ದರೆಂದು ತಿಳಿಯಿತು. ಮನೆಯ ಗಂಡಸರನ್ನಂತೂ ಯಾರೂ ಮಾತನಾಡಿಸಿಯೇ ಇರಲಿಲ್ಲ. ಆಮೇಲೆ ಕಾರ್ಯಕರ್ತೆಯರಿಗೆ ಈ ಮಿಶ್ರಣ ಏಕೆ, ಹೇಗೆ ಕೆಲಸ ಮಾಡುತ್ತದೆಂಬುದನ್ನು ವಿವರಿಸಲಾಯಿತು. ಮಸೀದಿಗಳಲ್ಲಿ, ಸಂತೆಗಳಲ್ಲಿ ಗಂಡಸರೊಡನೆ ಮಾತುಕತೆ ನಡೆಯಿತು. ತಾವು ನಂಬದ್ದನ್ನು ಬೋಧಿಸಿದರೆ ಕೇಳುಗರು ಪಾಠವನ್ನು ಕಲಿತರೂ ಅನುಸರಿಸುವುದಿಲ್ಲ. ಪ್ರಸಂಗಪೀಠ ಏರುವ ನಮಗೆ ಇದು ಹೊಸ ಸಂಗತಿಯೇನಲ್ಲ.

ಫಲವೇನು? 1990ರಲ್ಲಿಯೂ ಆ ಬಳಿಕವೂ ಭಾರತದ ತಲಾ ಆದಾಯ ಬಾಂಗ್ಲಾದೇಶಕ್ಕಿಂತ ಬಹಳ ಹೆಚ್ಚಾಗಿತ್ತು, ಅಂತರ ಬೆಳೆಯುತ್ತಲೂ ಇತ್ತು. ಹಾಗಿದ್ದೂ ಎರಡು ದಶಕಗಳಲ್ಲಿ ಸರಾಸರಿ ಆಯುಷ್ಯದಲ್ಲಿ, ಶಿಶುಗಳ ಉಳಿವಿನಲ್ಲಿ, ಲಸಿಕೆಯಲ್ಲಿ ಆ ದೇಶ ನಮ್ಮನ್ನು ದಾಟಿತೆಂದು ಜಾನ್ ಡ್ರೇಜ್ ಮತ್ತು ಅಮರ್ತ್ಯ ಸೇನ್ 2013ರ ತಮ್ಮ ಗ್ರಂಥದಲ್ಲಿ ತೋರಿಸಿದರು. ಒಂದು ಹಿಡಿ ಬೆಲ್ಲವೊಂದೇ ಇದಕ್ಕೆ ಕಾರಣವೆನ್ನಲಾಗದು. ಲಸಿಕೆ, ಶೌಚಾಲಯ, ಹೆಣ್ಣುಮಕ್ಕಳ ಶಾಲೆ, ಕುಟುಂಬ ಯೋಜನೆ ಎಲ್ಲವೂ ಸೇರಿದವು. ಆದರೆ ಈ ಎಲ್ಲದರ ನಡುವೆ ಸಾಮಾನ್ಯ ಹಳ್ಳಿಯ ಹೆಂಗಸು ಕೆಲಸ ಮಾಡುವವಳಾಗಿ ನಿಂತಿದ್ದಳು.

ಪವಿತ್ರ ಗ್ರಂಥಕ್ಕೆ ಈ ರೀತಿ ಅಪರಿಚಿತವಲ್ಲ. ಯಾಜಕಕಾಂಡವು ಹೊಲದ ಅಂಚನ್ನು ಕೊಯ್ಯದೆ ಬಿಡಬೇಕೆಂದೂ ಹಕ್ಕಲು ತೆನೆಗಳನ್ನು ಕೂಡಿಸಿಕೊಳ್ಳಬಾರದೆಂದೂ ವಿಧಿಸುತ್ತದೆ. ಅವು ಬಡವರಿಗೂ ಪರದೇಶಿಗಳಿಗೂ ಸೇರಿದವು. ಕಾಳನ್ನು ಮೂಟೆ ಕಟ್ಟಿ ಮನೆಗೆ ಕಳುಹಿಸೆಂದು ಅಲ್ಲಿ ಹೇಳಿಲ್ಲ. ರೂತಳು ತಾನೇ ಹೊಲಕ್ಕೆ ಹೋಗಿ, ತಾನೇ ಆಯ್ದು, ಸಂಜೆ ತಾನೇ ಬಡಿದು, ಅತ್ತೆಯ ಮುಂದೆ ತನ್ನ ದುಡಿಮೆಯನ್ನು ಇಟ್ಟಳು. ಬೋವಜನು ಕಟ್ಟುಗಳಿಂದ ಒಂದಷ್ಟು ತೆನೆಗಳನ್ನು ಬೇಕೆಂದೇ ಉದುರಿಸಿರೆಂದು, ಅವಳನ್ನು ಗದರಿಸಬೇಡಿರೆಂದು ಆಳುಗಳಿಗೆ ಹೇಳಿದ್ದು ಅವಳಿಗೆ ತಿಳಿಯದಂತೆಯೇ. ಕೊಡುವವರು ಎಷ್ಟು ಹಿಂದೆ ಸರಿದು ನಿಲ್ಲಬೇಕೆಂಬುದಕ್ಕೆ ಇದಕ್ಕಿಂತ ಚೆಲುವಾದ ಚಿತ್ರ ನಮಗೆ ತಿಳಿದಿಲ್ಲ.

ಇನ್ನೊಂದು ಸಂಗತಿ ಇದೇ ದೇಶದ್ದು. ಸಿದ್ಧ ಉಡುಪಿನ ಕಾರ್ಖಾನೆಗಳು ಬಾಂಗ್ಲಾದೇಶದ ರಫ್ತಿನಲ್ಲಿ ಶೇ. 80ಕ್ಕೂ ಹೆಚ್ಚಿನ ಪಾಲನ್ನು ಪಡೆದವು. ಸುಮಾರು 40 ಲಕ್ಷ ಜನರಿಗೆ, ಅವರಲ್ಲಿ ಬಹುಪಾಲು ಹೆಂಗಸರಿಗೆ, ಕೆಲಸ ಕೊಟ್ಟವು. ಇದನ್ನು ಹೀಗಳೆಯುವುದು ಸುಲಭ, ನಾವು ಹೀಗಳೆಯುವುದಿಲ್ಲ. ಕೈಯಲ್ಲಿ ಸ್ವಂತ ಸಂಬಳವಿರುವ ಮಗಳಿಗೆ ಮನೆಯಲ್ಲಿ ಮಾತು ಸಿಗುತ್ತದೆ, ಮದುವೆ ಮುಂದೆ ಹೋಗುತ್ತದೆ, ತಂಗಿ ಶಾಲೆಗೆ ಹೋಗುತ್ತಾಳೆ. ಬೆಳವಣಿಗೆಯಿಲ್ಲದೆ ಬಡತನ ನೀಗುವುದಿಲ್ಲ; ಆರನೇ ಪೌಲರೂ ಕೈಗಾರಿಕೆಯನ್ನು ಅವಶ್ಯವೆಂದೇ ಕಂಡರು. ಸುವಾರ್ತೆಯ ಬಡತನವನ್ನು ಆರಿಸಿಕೊಂಡ ನಾವು ಅದನ್ನು ಹಸಿದವರಿಗೆ ಉಪದೇಶಿಸಲು ಹೋಗಬಾರದು.

ಆದರೆ 2013ರ ಏಪ್ರಿಲ್ 23ರಂದು, ಢಾಕಾ ಬಳಿಯ ಸಾವರ್‌ನಲ್ಲಿ, ಐದು ಉಡುಪು ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಎಂಬ ಎಂಟು ಮಹಡಿಯ ಕಟ್ಟಡದಲ್ಲಿ ಬಿರುಕುಗಳು ಕಂಡವು. ಜನರನ್ನು ಹೊರಗೆ ಕಳುಹಿಸಲಾಯಿತು. ಮರುದಿನ ಅದೇ ಕಟ್ಟಡದಲ್ಲಿದ್ದ ಬ್ಯಾಂಕಿನ ನೌಕರರು ಬರಲಿಲ್ಲ. ಅವರಿಗೆ ಬರಬೇಡಿರೆಂದು ಸೂಚನೆಯಿತ್ತು. ಹೊಲಿಗೆಯ ಕೆಲಸಗಾರರಿಗಾದರೋ ಒಳಗೆ ಹೋಗಲು ಅಪ್ಪಣೆಯಾಯಿತು. ಹೋಗದಿದ್ದರೆ ಆ ತಿಂಗಳ ಸಂಬಳ ಹೋಗುವ ಭಯ. ಬೆಳಗ್ಗೆ ಒಂಬತ್ತಕ್ಕೆ ಮುಂಚೆಯೇ ಕಟ್ಟಡ ಕುಸಿಯಿತು. 1,134 ಮಂದಿ ಸತ್ತರು. ಅವರು ಹೊಲಿಯುತ್ತಿದ್ದ ಉಡುಪುಗಳು ಯೂರೋಪ್ ಮತ್ತು ಅಮೆರಿಕದ ಅಂಗಡಿಗಳಿಗೆ ಹೋಗಬೇಕಾಗಿದ್ದವು. ತಿಂಗಳಿಗೆ 38 ಯೂರೋ ಕೂಲಿ ಎಂದು ಓದಿದ ವಿಶ್ವಗುರು ಫ್ರಾನ್ಸಿಸರು, ಮೇ 1ರ ಬಲಿಪೂಜೆಯ ಪ್ರಬೋಧನೆಯಲ್ಲಿ, ಅದನ್ನು ಗುಲಾಮಗಿರಿ ಎಂದೇ ಕರೆದರು.

ಬ್ಯಾಂಕಿನವರಿಗೂ ಹೊಲಿಗೆಯವರಿಗೂ ಬಿರುಕು ಒಂದೇ ಆಗಿತ್ತು. ತಿಳಿವಳಿಕೆಯ ಕೊರತೆಯಿರಲಿಲ್ಲ, ಹಿಂದಿನ ದಿನ ಎಲ್ಲರೂ ಅದನ್ನು ಕಣ್ಣಾರೆ ನೋಡಿದ್ದರು. ಹೊಲಿಗೆಯವರಿಗೆ ಇಲ್ಲದೆ ಹೋದದ್ದು, ಒಳಗೆ ಬರಲಾರೆವು ಎಂದು ಹೇಳಿ ಕೆಲಸವನ್ನು ಉಳಿಸಿಕೊಳ್ಳುವ ಶಕ್ತಿ. ಆ ಕಾರ್ಖಾನೆಗಳಲ್ಲಿ ಕಾರ್ಮಿಕ ಸಂಘವಿರಲಿಲ್ಲ. ರಾಷ್ಟ್ರೀಯ ಆದಾಯದ ಲೆಕ್ಕದಲ್ಲಿ ಅವರ ದುಡಿಮೆ ಸೇರಿತ್ತು. ಮಾನವ ಅಭಿವೃದ್ಧಿ ಸೂಚ್ಯಂಕದಲ್ಲಿಯೂ ಅವರ ಓದು, ಅವರ ಆಯುಷ್ಯ ಸೇರಿದ್ದವು. ಆದರೆ ಈ ಶಕ್ತಿಯನ್ನು ಅಳೆಯುವ ಕಲಮು ಎರಡರಲ್ಲಿಯೂ ಇರಲಿಲ್ಲ. ಬಡ ರಾಷ್ಟ್ರದ ಅಭಿವೃದ್ಧಿಯ ಗುರಿಯನ್ನು ಒಂದೇ ಮಾತಿನಲ್ಲಿ ಹೇಳಿರೆಂದು ಯಾರಾದರೂ ಒತ್ತಾಯಿಸಿದರೆ, ಅಲ್ಲಿನ ಅತ್ಯಂತ ಬಡವಳು ಅನ್ಯಾಯಕ್ಕೆ ಒಲ್ಲೆ ಎಂದು ಹೇಳಿಯೂ ಸಂಜೆ ಉಣ್ಣುವಂತಾಗುವುದು ಎಂದು ಉತ್ತರಿಸುತ್ತೇವೆ. ಅನ್ನ, ವಿದ್ಯೆ, ಆರೋಗ್ಯ ಇವೆಲ್ಲ ಈ ಗುರಿಯೊಳಗೇ ಬರುತ್ತವೆ, ಏಕೆಂದರೆ ಹಸಿದವರಿಗೆ ಒಲ್ಲೆ ಎನ್ನಲು ಸಾಧ್ಯವಿಲ್ಲ.

ವಿಮೋಚನಾಕಾಂಡದ ಮೊದಲ ಅಧ್ಯಾಯವನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದಬಹುದು. ಫರೋಹನು ಉಗ್ರಾಣದ ಪಟ್ಟಣಗಳನ್ನು ಕಟ್ಟಿಸುತ್ತಿದ್ದನು. ಈಜಿಪ್ಟಿನ ಸಂಪತ್ತು ಬೆಳೆಯುತ್ತಿತ್ತು. ಆ ಕಥನ ಫರೋಹನ ಸ್ವಂತ ಹೆಸರನ್ನು ಹೇಳುವುದಿಲ್ಲ. ಅವನ ಅಪ್ಪಣೆಯನ್ನು ಪಾಲಿಸದ ಇಬ್ಬರು ಸೂಲಗಿತ್ತಿಯರ ಹೆಸರನ್ನು ಮಾತ್ರ ಉಳಿಸಿಕೊಂಡಿದೆ: ಶಿಪ್ರಾ, ಪೂಗಾ. ಆ ದಾಸ್ಯದಿಂದ ಹೊರಬಂದ ಜನರಿಗೆ ಕೊಡಲಾದ ಸಬ್ಬತ್ತಿನ ಆಜ್ಞೆಯಲ್ಲಿ ದಾಸನೂ ದಾಸಿಯೂ ಎತ್ತೂ ಕತ್ತೆಯೂ ಸೇರಿವೆ. ವಾರಕ್ಕೆ ಒಂದು ದಿನ ಯಜಮಾನನ ಕರೆಗೆ ಓಗೊಡದೆ ಇರುವ ಹಕ್ಕನ್ನು ದೇವರೇ ಆ ದಾಸಿಗೆ ಕೊಟ್ಟರು.

ರಾಣಾ ಪ್ಲಾಜಾದ ನಂತರ, ಅದೇ ಮೇ ತಿಂಗಳಲ್ಲಿ, ವಿದೇಶಿ ಉಡುಪು ಕಂಪನಿಗಳೂ ಕಾರ್ಮಿಕ ಸಂಘಟನೆಗಳೂ ಕಾನೂನಿಗೆ ಬದ್ಧವಾದ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಕಟ್ಟಡಗಳ ತಪಾಸಣೆ, ದುರಸ್ತಿ ಮುಂತಾದವುಗಳ ಜೊತೆಗೆ, ಅಪಾಯವಿದೆಯೆಂದು ಕಂಡ ಕಟ್ಟಡದೊಳಗೆ ಹೋಗಲು ನಿರಾಕರಿಸುವ ಹಕ್ಕು, ಹಾಗೆ ನಿರಾಕರಿಸಿದರೂ ಸಂಬಳ ಕಡಿತವಾಗದ ಭರವಸೆ ಅದರಲ್ಲಿವೆ. ಸಾವಿರಾರು ದುರಸ್ತಿಗಳ ನಡುವೆ ಈ ಒಂದು ವಾಕ್ಯ ಹೆಚ್ಚು ಸುದ್ದಿಯಾಗಲಿಲ್ಲ.

ನಮ್ಮ ಬೆಂಗಳೂರಿನಲ್ಲಿಯೂ ಇದೇ ಹೊಲಿಗೆ ಯಂತ್ರಗಳ ಮುಂದೆ ಕುಳಿತ ಲಕ್ಷಾಂತರ ಹೆಂಗಸರಿದ್ದಾರೆ. ಅವರಲ್ಲಿ ನಮ್ಮ ಧರ್ಮಕೇಂದ್ರಗಳ ವಿಶ್ವಾಸಿಗಳೂ ಇದ್ದಾರೆ. 2016ರ ಏಪ್ರಿಲ್ 18 ಮತ್ತು 19ರಂದು, ಭವಿಷ್ಯನಿಧಿಯ ಹಣವನ್ನು 58 ವರ್ಷದವರೆಗೆ ಪೂರ್ತಿಯಾಗಿ ತೆಗೆಯಬಾರದೆಂಬ ಹೊಸ ನಿಯಮದ ವಿರುದ್ಧ ಅವರು ಸಾವಿರಾರು ಸಂಖ್ಯೆಯಲ್ಲಿ ಹೊಸೂರು ರಸ್ತೆಗಿಳಿದರು. ದೊಡ್ಡ ನಾಯಕರು ಯಾರೂ ಕರೆಕೊಟ್ಟಿರಲಿಲ್ಲ. ಕಲ್ಲೆಸೆತವೂ ಲಾಠಿಯೂ ನಡೆದವು, ಅದನ್ನು ಮರೆಮಾಚಬೇಕಾಗಿಲ್ಲ. 19ರ ಸಂಜೆಯೊಳಗೆ ಕೇಂದ್ರ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ತಮ್ಮ ಹಣ ತಮಗೆ ಯಾವಾಗ ಬೇಕೆಂಬುದನ್ನು ಯಾರೂ ಅವರನ್ನು ಕೇಳಿರಲಿಲ್ಲ.

ಪೆರು ದೇಶದ ಗುಸ್ತಾವೊ ಗುಟಿಯೆರೆಜ್ ಅವರು 'ಅಭಿವೃದ್ಧಿ' ಎಂಬ ಪದವನ್ನೇ ಶಂಕಿಸಿ, 1971ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ 'ವಿಮೋಚನೆ'ಯನ್ನು ಅದರ ಸ್ಥಾನದಲ್ಲಿ ಇಟ್ಟರು. ಬಡತನದ ಕಾರಣಗಳನ್ನು ಮುಟ್ಟದೆ ಅದರ ಗಾಯಗಳಿಗೆ ಮಾತ್ರ ಪಟ್ಟಿ ಕಟ್ಟುವ ಯೋಜನೆಗಳನ್ನು ಅವರು ಬಹಳ ನೋಡಿದ್ದರು. ಅವರ ಶಂಕೆ ಸರಿಯಾದದ್ದೆಂದು ನಮ್ಮ ಅಭಿಪ್ರಾಯ. ಆದರೂ ಪದವನ್ನು ಬಿಟ್ಟುಕೊಡಬೇಕೆಂದು ನಮಗೆ ಅನ್ನಿಸುವುದಿಲ್ಲ. ಒಂದು ಹಿಡಿ ಬೆಲ್ಲವನ್ನು ಅಳೆಯಲು ಕಲಿತ ತಾಯಿಗೆ ವಿಮೋಚನೆ ಎಂಬ ಪದ ದೊಡ್ಡದಾಯಿತು, ಬೆಳವಣಿಗೆ ಎಂಬುದು ಸಣ್ಣದಾಯಿತು. ಏಳಿಗೆ ಎನ್ನಲು ಅಡ್ಡಿಯಿಲ್ಲ.

ಇಷ್ಟು ಬರೆದ ಮೇಲೆ ನಮ್ಮದೇ ತಪ್ಪೊಂದನ್ನು ಹೇಳದಿದ್ದರೆ ಸರಿಯಾಗದು. ಸಹಾಯಕ ಗುರುಗಳಾಗಿದ್ದ ದಿನಗಳಲ್ಲಿ, ಬಯಲುಸೀಮೆಯ ಒಂದು ಹಳ್ಳಿಯಲ್ಲಿ, ದಾನಿಗಳ ನೆರವಿನಿಂದ ಇಪ್ಪತ್ತನಾಲ್ಕು ಹೊಲಿಗೆ ಯಂತ್ರಗಳನ್ನು ಹಂಚಿಸಿದೆವು. ವರದಿಯಲ್ಲಿ ಫಲಾನುಭವಿಗಳ ಸಂಖ್ಯೆ 24 ಎಂದು ಬರೆದೆವು. ಫೋಟೋ ಚೆನ್ನಾಗಿ ಬಂದಿತ್ತು. ಎರಡು ವರ್ಷಗಳ ನಂತರ ಹೋಗಿ ನೋಡಿದಾಗ ಹೆಚ್ಚಿನವು ಮೂಲೆ ಸೇರಿದ್ದವು. ಆ ಊರಿನ ಹೊಲಿಗೆಗೆ ಇಬ್ಬರು ಸಾಕಾಗಿತ್ತು. ವಯಸ್ಸಾದ ಒಬ್ಬ ತಾಯಿ ಬೇಸರವಿಲ್ಲದೆ ಹೇಳಿದಳು: "ಸ್ವಾಮಿ, ನೀವು ಕೇಳಿದ್ದರೆ ನಾವು ಎರಡೆರಡು ಕುರಿಮರಿ ಕೇಳುತ್ತಿದ್ದೆವು. ನೀವು ತಂದದ್ದನ್ನು ಬೇಡ ಅನ್ನೋದು ಹೇಗೆ?" ಆ ಕೊನೆಯ ಮಾತು ನಮ್ಮನ್ನು ಬಹಳ ದಿನ ಕಾಡಿತು. ನಾವು ಯಾರಿಗೂ ಬೆದರಿಕೆ ಹಾಕಿರಲಿಲ್ಲ. ಆದರೆ ಬೇಡ ಎನ್ನಲು ಅವರಿಗೆ ಎಡೆಯನ್ನೂ ಕೊಟ್ಟಿರಲಿಲ್ಲ.

ಕಳೆದ ವರ್ಷದಿಂದ ನಮ್ಮ ವಿದ್ಯಾರ್ಥಿಗಳು ಗ್ರಾಮವಾಸದ ನಂತರ ಒಪ್ಪಿಸುವ ಯೋಜನಾ ವರದಿಯಲ್ಲಿ, ಫಲಾನುಭವಿಗಳ ಸಂಖ್ಯೆಯ ಕಲಮಿನ ಕೆಳಗೆ ಇನ್ನೊಂದು ಕಲಮನ್ನು ಸೇರಿಸಿದ್ದೇವೆ: ನೀವು ಮುಂದಿಟ್ಟ ಸಲಹೆಗಳಲ್ಲಿ ಊರಿನವರು ಬೇಡವೆಂದದ್ದು ಯಾವುದು, ಅವರು ಹೇಳಿದ ಕಾರಣವೇನು? ಮೊದಲ ಸಲ ಹೆಚ್ಚಿನವರು ಅದನ್ನು ಖಾಲಿ ಬಿಟ್ಟಿದ್ದರು. ಆ ವರದಿಗಳನ್ನು ಹಿಂತಿರುಗಿಸಿ, ಮುಂದಿನ ಶನಿವಾರ ಮತ್ತೆ ಅದೇ ಊರಿಗೆ ಹೋಗಿ ಬರಲು ಹೇಳಿದೆವು.